ಬೋಟುಗಳು ದಡ ಸೇರಿದ ಮೇಲೆ ಬಂದರಿನಲ್ಲಿ ಕೆಲಸವೇ ಇರುವುದಿಲ್ಲವೇ?

ಪ್ರಶ್ನೆ: ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧದಿಂದಾಗಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಮಲ್ಪೆ ಬಂದರಿಗೂ ಮಂಗಳೂರಿನ ದಕ್ಕೆಗೂ (ಮೀನುಗಾರಿಕಾ ಬಂದರಿಗೂ) ಪೂರ್ತಿ ರಜೆಯೇ?

ಉತ್ತರ: ಅಲ್ಲ. ಮೇ ತಿಂಗಳ ಕೊನೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ, ನಾನು ಇದೇ ಉತ್ತರವನ್ನು ಬರೆಯುತ್ತೇನೆ, ಆದರೂ "ರಜೆ" ಎಂಬ ಮಾತು ಜನರ ಬಾಯಿಂದ ಹೋಗುತ್ತಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಿಷೇಧ ಇರುವುದು ಯಾಂತ್ರೀಕೃತ ಬೋಟುಗಳಿಗೆ ಮತ್ತು 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೆ. ನಾಡದೋಣಿಯವರು ಕಡಲು ಶಾಂತವಾದ ದಿನ ನೋಡಿಕೊಂಡು ಹೋಗಿಯೇ ಹೋಗುತ್ತಾರೆ. ಪೂರ್ವ ಕರಾವಳಿಯ ನಿಷೇಧವು ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಜೂನ್ ನಡುಭಾಗದ ನಂತರ ಆ ಕಡೆಯ ಮೀನು ಲಾರಿಗಳಲ್ಲಿ ಇಲ್ಲಿಗೆ ಬರತೊಡಗುತ್ತದೆ. ಇಷ್ಟು ಬಹುತೇಕರಿಗೆ ಗೊತ್ತಿದೆ.

ಗೊತ್ತಿಲ್ಲದಿರುವುದು ಅಥವಾ ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯದಿರುವುದು ದಡದ ಕೆಲಸ. ಕಡಲಿನ ಆರ್ಥಿಕತೆ ಎಂದರೆ ಬೋಟು ಮತ್ತು ಮೀನು ಎಂದು ನಂಬಿದವರಿಗೆ, ಹರಾಜು ಕಟ್ಟೆ ಖಾಲಿಯಾಗಿ, ಉತ್ತರ ಕನ್ನಡ, ಆಂಧ್ರ, ಒಡಿಶಾಗಳ ಕಲಾಸಿಗಳು (ಬೋಟಿನ ಕೆಲಸಗಾರರು) ಊರಿಗೆ ಹೊರಟುಹೋದದ್ದನ್ನು ಕಂಡಾಗ ಎಲ್ಲವೂ ನಿಂತಂತೆ ಅನ್ನಿಸುತ್ತದೆ. ನಿಜವಾಗಿ ಆಗುವುದೇನೆಂದರೆ, ಹತ್ತು ತಿಂಗಳು ಮುಂದೂಡಿದ ದುರಸ್ತಿಯೆಲ್ಲ ಒಂದೇ ಸಲ ದಡಕ್ಕೆ ಬರುತ್ತದೆ. ಮರದ ಬೋಟಾದರೆ ಹಲಗೆಗಳ ಸಂದು ಬಿಗಿ ಮಾಡಿ, ಫೈಬರ್ ಹೊದಿಕೆ ಬಿರುಕು ಬಿಟ್ಟಲ್ಲಿ ಸರಿಪಡಿಸಬೇಕು. ಸ್ಟೀಲ್ ಬೋಟಾದರೆ ತಳಕ್ಕೆ ಅಂಟಿದ ಚಿಪ್ಪುಗಳನ್ನೂ ತುಕ್ಕನ್ನೂ ಕೆರೆದು, ಸವೆದ ಪ್ಲೇಟನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ಎಂಜಿನ್ ಬಿಚ್ಚುವವರು, ಪ್ರೊಪೆಲ್ಲರ್ ಮತ್ತು ಶಾಫ್ಟ್ ನೇರ ಮಾಡುವ ಲೇತ್ ಕೆಲಸದವರು, ವಿಂಚ್ ಮತ್ತು ವೈರ್ ರೋಪ್ ನೋಡುವವರು, ಜಿಪಿಎಸ್ ಹಾಗೂ ಮೀನು ಪತ್ತೆ ಮಾಡುವ ಉಪಕರಣಗಳನ್ನು ಪರೀಕ್ಷಿಸುವವರು, ಶೆಡ್ಡುಗಳಲ್ಲಿ ಕುಳಿತು ಬಲೆ ಹೆಣೆಯುವವರು, ಇವರೆಲ್ಲರಿಗೂ ಈ ತಿಂಗಳುಗಳಲ್ಲೇ ಬಿಡುವಿಲ್ಲದ ದುಡಿಮೆ. ಐಸ್ ಪ್ಲಾಂಟುಗಳಲ್ಲಿ ಅಮೋನಿಯಾ ಕಂಪ್ರೆಸರ್ ಬಿಚ್ಚುವುದಕ್ಕೂ, ಉಪ್ಪುನೀರಿನ ತೊಟ್ಟಿಯನ್ನು ಶುಚಿ ಮಾಡುವುದಕ್ಕೂ, ಐಸ್ ಗಡ್ಡೆ ಕಟ್ಟುವ ತುಕ್ಕು ಹಿಡಿದ ಕ್ಯಾನ್‌ಗಳನ್ನು ಬದಲಾಯಿಸುವುದಕ್ಕೂ ಇದೇ ಕಾಲ. ಹತ್ತು ದಿನ ಕಡಲಿನಲ್ಲೇ ಉಳಿಯುವ ಆಳಸಮುದ್ರದ ಬೋಟಿಗೆ ಡೀಸೆಲ್ ಎಷ್ಟು ಮುಖ್ಯವೋ ಐಸ್ ಅಷ್ಟೇ ಮುಖ್ಯ. ಆಗಸ್ಟ್‌ನಲ್ಲಿ ಐಸ್ ಸಿಗದಿದ್ದರೆ ಹಿಡಿದ ಮೀನು ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಯ ಅಗ್ಗದ ದರಕ್ಕೆ ಇಳಿಯುತ್ತದೆ.

ಇದರಲ್ಲಿ ಒಂದು ದೊಡ್ಡ ತೊಡಕೂ ಇದೆ. ಬಿಡುವು ಸಿಗುವ ಕಾಲವೇ ಮಳೆಯ ಕಾಲವಾದ್ದರಿಂದ, ಒದ್ದೆ ತಳಕ್ಕೆ ಪೈಂಟ್ ಹಿಡಿಯುವುದಿಲ್ಲ, ಸುರಿಯುವ ಮಳೆಯಲ್ಲಿ ವೆಲ್ಡಿಂಗ್ ಆಗುವುದಿಲ್ಲ, ತಾಡಪಾಲಿನ ಕೆಳಗೆ ನಡೆಯುವ ಕೆಲಸ ನಿಧಾನವಾಗುತ್ತದೆ. ಬೋಟನ್ನು ಮೇಲಕ್ಕೆ ಎಳೆಯುವ ಸ್ಲಿಪ್‌ವೇಗಳಲ್ಲಿ ಜಾಗ ಕಡಿಮೆ, ಸರದಿ ಉದ್ದ. ಸಮುದ್ರಪೂಜೆ ಮುಗಿಸಿ ಎಲ್ಲರೂ ಒಟ್ಟಿಗೆ ಹೊರಡಬೇಕೆಂದು ಬಯಸುವಾಗ ಯಾವ ಬೋಟು ಹೊರಡುತ್ತದೆ, ಯಾವುದು ವಾರಗಟ್ಟಲೆ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಕಡಲಲ್ಲ, ಮೆಕ್ಯಾನಿಕ್ಕಿನ ಸರದಿ. ಮಾಡು ಹೊದಿಸಿದ ದುರಸ್ತಿ ಯಾರ್ಡುಗಳು ಹೆಚ್ಚಬೇಕೆಂದು ನಾನು ಮತ್ತೆ ಮತ್ತೆ ಬರೆಯುವುದು ಇದೇ ಕಾರಣಕ್ಕೆ.

ಯಾರಿಗೂ ನಷ್ಟವಿಲ್ಲ ಎಂದು ಮಾತ್ರ ಭಾವಿಸಬೇಡಿ. ಮೀನು ಇಳಿಸುವ ಕಾರ್ಮಿಕರಿಗೆ, ಬುಟ್ಟಿ ಹೊತ್ತು ಮಾರುವ ಮಹಿಳೆಯರಿಗೆ, ಸಂಸ್ಕರಣಾ ಘಟಕಗಳ ದಿನಗೂಲಿಯವರಿಗೆ ಈ ದಿನಗಳು ಕಷ್ಟದವೇ. ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರರು ಕಟ್ಟುವ 1,500 ರೂಪಾಯಿಗೆ ಸರ್ಕಾರಗಳ 3,000 ರೂಪಾಯಿ ಸೇರಿ ಒಟ್ಟು 4,500 ಸಿಗುತ್ತದೆ; ಆದರೆ ಅದನ್ನು ರೂಪಿಸಿರುವುದು ಕಡಲಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ದಡವನ್ನು ಲೆಕ್ಕಕ್ಕೆ ಹಿಡಿಯದ ಅಭ್ಯಾಸ ಓದುಗರದ್ದು ಮಾತ್ರವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ಇಷ್ಟು ಕೈಕೆಲಸ ಬಲ್ಲವರಿರುವ ಮಲ್ಪೆಯಲ್ಲಿ ದೊಡ್ಡ ಹಡಗು ಕಟ್ಟಬಹುದೇ? ಈಗಾಗಲೇ ಕಟ್ಟುತ್ತಿದ್ದಾರೆ. ಅಲ್ಲಿನ ತೆಬ್ಮಾ ಶಿಪ್‌ಯಾರ್ಡ್ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್‌ನ ಕೈಸೇರಿತು, 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರು ಪಡೆಯಿತು. ದೊಡ್ಡ ಹಡಗುಗಳನ್ನು ಎಳೆಯುವ ಟಗ್‌ಗಳ ಜೊತೆಗೆ ನಾರ್ವೆಯ ವಿಲ್ಸನ್ ಸಂಸ್ಥೆಗಾಗಿ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳನ್ನು ಕಟ್ಟುವ ಗುತ್ತಿಗೆಯೂ 2023ರಲ್ಲಿ ಅದಕ್ಕೆ ದೊರೆಯಿತು. ಆದರೆ ಮೀನುಗಾರಿಕಾ ಬೋಟಿಗೆ ಪ್ಲೇಟು ಬೆಸೆಯುವವರು ನೇರವಾಗಿ ಹೋಗಿ ಅಲ್ಲಿ ನಿಲ್ಲಲಾರರು. ಅಂಥ ಹಡಗಿನ ವೆಲ್ಡರುಗಳು ಹಡಗಿನ ಗುಣಮಟ್ಟವನ್ನು ಪ್ರಮಾಣೀಕರಿಸುವ ವರ್ಗೀಕರಣ ಸಂಸ್ಥೆಯ ನಿಯಮದಂತೆ ಪರೀಕ್ಷೆ ಪಾಸಾಗಿರಬೇಕು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು, ಸುರತ್ಕಲ್ಲಿನಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಟಿಕೆ ಇದೆ. ಇವುಗಳ ನೆರಳಿನಲ್ಲೇ ಇರುವ ನಮ್ಮ ಐಟಿಐಗಳು ಈ ಪರೀಕ್ಷೆಗೆ ಹುಡುಗರನ್ನು ಸಜ್ಜುಗೊಳಿಸಿದರೆ, ಜೂನ್‌ನಲ್ಲಿ ಬೋಟು ದುರಸ್ತಿ ಮಾಡುವ ಕೈಗಳಿಗೆ ಸೆಪ್ಟೆಂಬರ್ ನಂತರವೂ ಊರಲ್ಲೇ ಕೆಲಸವಿರುತ್ತದೆ.