ಇಳಿಯುವವರು ನಾವೊಬ್ಬರೇ ಅಲ್ಲ

ಬೆಟ್ಟ ಹತ್ತುವಾಗ ಏದುಸಿರು ಬಿಡುತ್ತೇವೆ. ಇಳಿಯುವಾಗ ಹರಟೆ ಹೊಡೆಯುತ್ತೇವೆ. ಹಾಗಾಗಿ ಇಳಿಯೋದು ಸುಲಭ ಅಂತ ನಂಬಿಬಿಟ್ಟಿದ್ದೇವೆ. ಎರಡು ದಿನ ಬಿಟ್ಟು ಮನೆಯ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಂಡು "ಅಯ್ಯಮ್ಮಾ" ಅಂದಾಗಲೇ ನಿಜ ಏನು ಅಂತ ಗೊತ್ತಾಗೋದು.

ಮಾತಿಗೆ ಅನುಕೂಲವಾಗಲಿ ಅಂತ ಒಂದು ದಾರಿ ಇಟ್ಟುಕೊಳ್ಳೋಣ. ಮೇಲೆ 1,500 ಮೀಟರ್ ಎತ್ತರದಲ್ಲಿ ಒಂದು ಹಳ್ಳಿ. ಕೆಳಗೆ 700 ಮೀಟರ್ ಎತ್ತರದಲ್ಲಿ ನದಿ. ನಡುವೆ ಆರು ಕಿಲೋಮೀಟರ್ ಕಾಲುದಾರಿ. ಎಲೆ ಉದುರುವ ಶರತ್ಕಾಲ. ಚಳಿ ಸೀಮೆಯ ಯಾವ ಬೆಟ್ಟವಾದರೂ ಸರಿ. ರಾತ್ರಿಯಿಡೀ ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ಬೆಳಗ್ಗೆ ಬೇಗ ಹೊರಟಿದ್ದೇವೆ.

ಎತ್ತರ ಹೆಚ್ಚಿದಷ್ಟೂ ಚಳಿ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಸರಾಸರಿ ಲೆಕ್ಕದಲ್ಲಿ ಪ್ರತಿ 1,000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಕಡಿಮೆ. ಅಂದರೆ 800 ಮೀಟರ್ ಇಳಿದರೆ ಐದು ಡಿಗ್ರಿ ಬೆಚ್ಚಗಾಗಬೇಕು. ಈ ಲೆಕ್ಕ ನಂಬಿ ಸ್ವೆಟರ್ ಬಿಚ್ಚಿ ಚೀಲಕ್ಕೆ ತುರುಕಿಕೊಂಡವರು ಅರ್ಧ ದಾರಿ ದಾಟಿದ ಮೇಲೆ ನಡುಗುತ್ತಾ ಅದನ್ನು ಮತ್ತೆ ಹೊರಗೆ ತೆಗೆಯುತ್ತಾರೆ. ಕೆಳಗೆ ಇಳಿದಷ್ಟೂ ಚಳಿ! ಪುಸ್ತಕದ್ದು ತಪ್ಪಲ್ಲ. ಅದು ಹೇಳೋದು ಸರಾಸರಿ ಗಾಳಿಯ ಮಾತು. ಇಂಥ ರಾತ್ರಿಗಳಲ್ಲಿ ಕಣಿವೆಯೊಳಗೆ ನಡೆಯೋದು ಬೇರೆಯೇ.

ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲ ತಣ್ಣಗಾದರೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಭಾರವಾದದ್ದು ಇಳಿಜಾರಿನಲ್ಲಿ ಸುಮ್ನೆ ನಿಲ್ಲುತ್ತದೆಯೇ? ನೀರಿನ ಹಾಗೆ ಹರಿದು, ತಗ್ಗು ಹುಡುಕಿಕೊಂಡು, ಕೊನೆಗೆ ಕಣಿವೆಯ ತಳದಲ್ಲಿ ಕೆರೆ ಕಟ್ಟುತ್ತದೆ. ನಮ್ಮ ಕಣ್ಣಿಗೆ ಕಾಣದ ಕೆರೆ. ಹಗುರವಾದ ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಹವಾಮಾನದವರು ಇದನ್ನು ಉಷ್ಣತೆಯ ತಿರುವುಮುರುವು ಅನ್ನುತ್ತಾರೆ. ಶರತ್ಕಾಲದಲ್ಲಿ ರಾತ್ರಿಗಳು ಉದ್ದ, ಹಾಗಾಗಿ ಈ ಕೆರೆ ತುಂಬಲು ಬೇಕಾದಷ್ಟು ಹೊತ್ತು ಸಿಗುತ್ತದೆ. ತೇವ ಇದ್ದರೆ ಅದರೊಳಗೇ ಮಂಜು ಕಟ್ಟುತ್ತದೆ. ಹಳ್ಳಿಯಲ್ಲಿ ನಿಂತು ನೋಡಿದಾಗ ಕಣಿವೆ ತುಂಬ ಹಾಲು ಸುರಿದ ಹಾಗೆ ಕಾಣುತ್ತದಲ್ವಾ, ಅದು ಈ ಕೆರೆಯ ಮೇಲ್ಮೈ.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ ಆಸ್ಟ್ರಿಯಾದ ಗ್ರ್ಯೂನ್‌ಲೋಖ್ ಎಂಬ ತಗ್ಗು ಸಾಕ್ಷಿ. ಬೆಟ್ಟಗಳ ನಡುವಿನ ಬೋಗುಣಿಯಂಥ ಜಾಗ ಅದು. ತಣ್ಣನೆಯ ಗಾಳಿ ಒಳಗೆ ಇಳಿಯುತ್ತದೆ, ಹೊರಗೆ ಹರಿದು ಹೋಗಲು ದಾರಿ ಇಲ್ಲ. 1932ರ ಚಳಿಗಾಲದಲ್ಲಿ ಅಲ್ಲಿ ಮೈನಸ್ 52.6 ಡಿಗ್ರಿ ದಾಖಲಾಯಿತು. ಅಲ್ಲಿ ಮರಗಳ ಕ್ರಮವೂ ತಲೆಕೆಳಗು. ಸಾಮಾನ್ಯವಾಗಿ ತುಂಬ ಎತ್ತರದ ಬೆಟ್ಟಗಳ ತುದಿಯಲ್ಲಿ ಮರ ಬೆಳೆಯೋದಿಲ್ಲ. ಅಲ್ಲಿ ತಳದಲ್ಲಿ ಬೆಳೆಯೋದಿಲ್ಲ.

ನದಿ ದಂಡೆಯ ಸಮತಟ್ಟು ಜಾಗ ಬಿಟ್ಟು ನಡು ಇಳಿಜಾರಿನಲ್ಲಿ ಊರು ಯಾಕೆ ಕಟ್ಟುತ್ತಾರೆ ಅನ್ನೋ ಪ್ರಶ್ನೆಗೆ ಇದೂ ಒಂದು ಉತ್ತರ. ಪ್ರವಾಹದ ಭಯ, ಬಿಸಿಲಿನ ಆಸೆ, ಬೇರೆ ಕಾರಣಗಳೂ ಇರುತ್ತವೆ ಅನ್ನಿ. ಆದರೆ ತಳದ ಚಳಿಗೂ ತುದಿಯ ಚಳಿಗೂ ನಡುವೆ ಒಂದು ಬೆಚ್ಚನೆಯ ಪಟ್ಟಿ ಉಳಿಯುತ್ತದೆ. ಅಲ್ಲಿ ಹಿಮಗಟ್ಟುವ ರಾತ್ರಿಗಳು ಕಡಿಮೆ. ಥರ್ಮಾಮೀಟರ್ ಬರುವ ಎಷ್ಟೋ ಮೊದಲೇ ರೈತರಿಗೆ ಇದು ಗೊತ್ತಿತ್ತು.

ಈಗ ಮರಗಳನ್ನು ನೋಡಿ. ಹಳದಿ ಬಣ್ಣ ಶರತ್ಕಾಲದಲ್ಲಿ ಹೊಸದಾಗಿ ಬಂದದ್ದಲ್ಲ. ಕೆರೋಟಿನಾಯ್ಡ್ ಎಂಬ ಆ ಬಣ್ಣ ಬೇಸಿಗೆಯಿಡೀ ಎಲೆಯಲ್ಲೇ ಇತ್ತು, ಹಸಿರಿನ ಅಡಿ ಮುಚ್ಚಿಹೋಗಿತ್ತು ಅಷ್ಟೇ. ಮರ ಎಲೆಯಲ್ಲಿದ್ದ ಹಸಿರು ವಸ್ತುವನ್ನು ಒಡೆದು, ಎಲೆಯ ಸಾರಜನಕವನ್ನು ಕೊಂಬೆಗೆ ಎಳೆದುಕೊಂಡಾಗ ಹಳದಿ ಕಾಣುತ್ತದೆ. ಕೆಂಪಿನ ಕತೆ ಬೇರೆ. ಆಂಥೋಸಯನಿನ್ ಎಂಬ ಆ ಬಣ್ಣವನ್ನು ಮರ ಸಾಯುವ ಎಲೆಯಲ್ಲಿ ಹೊಸದಾಗಿ ತಯಾರಿಸುತ್ತದೆ. ಬಿಸಾಡುವ ಪಾತ್ರೆಗೆ ಬಣ್ಣ ಬಳಿದ ಹಾಗೆ! ಯಾಕೆ ಅನ್ನೋದರ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಪೋಷಕಾಂಶ ಎಳೆದುಕೊಳ್ಳುವಾಗ ಎಲೆಗೆ ಬಿಸಿಲಿನಿಂದ ಕೊಡೆ ಹಿಡಿಯುತ್ತದೆ ಅನ್ನೋರು ಕೆಲವರು, ಕೀಟಗಳಿಗೆ ಎಚ್ಚರಿಕೆ ಅನ್ನೋರು ಕೆಲವರು. ನನಗೆ ಕೊಡೆಯ ವಾದವೇ ಸರಿ ಅನಿಸುತ್ತದೆ.

ನಡೆಯುವವರಿಗೆ ಇನ್ನೊಂದು ಮಜಾ ಇದೆ. ಎಲೆ ಹಣ್ಣಾಗೋದು ಮೇಲೆ ಶುರುವಾಗಿ ಕೆಳಗೆ ಇಳಿಯುತ್ತದೆ. ಅಮೆರಿಕದ ಕೀಟಶಾಸ್ತ್ರಜ್ಞ ಆಂಡ್ರ್ಯೂ ಹಾಪ್ಕಿನ್ಸ್ 1918ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟರು. 400 ಅಡಿ, ಅಂದರೆ ಸುಮಾರು 122 ಮೀಟರ್ ಮೇಲೇರಿದರೆ ವಸಂತ ನಾಲ್ಕು ದಿನ ತಡ. ಶರತ್ಕಾಲಕ್ಕೆ ಇದು ಉಲ್ಟಾ, ಅಷ್ಟು ಬೇಗ. ನಮ್ಮ 800 ಮೀಟರಿಗೆ ಇದು ಸುಮಾರು 26 ದಿನ. ಹಳ್ಳಿಯಲ್ಲಿ ಮರಗಳು ಬೋಳಾಗಿದ್ದರೆ ಕೆಳಗೆ ಇನ್ನೂ ಹಸಿರು. ಎರಡು ಗಂಟೆಯ ನಡಿಗೆಯಲ್ಲಿ ತಿಂಗಳಷ್ಟು ಹಿಂದಕ್ಕೆ ಹೋದ ಲೆಕ್ಕ. ಆದರೆ ತೀರಾ ತಳಕ್ಕೆ ಬಂದಾಗ ಕೆಲವು ಮರಗಳು ಮತ್ತೆ ಹಳದಿಯಾಗಿ ನಿಂತಿದ್ದರೆ ಆಶ್ಚರ್ಯ ಪಡಬೇಡಿ. ಅವು ಆ ಚಳಿಯ ಕೆರೆಯೊಳಗೆ ಮುಳುಗಿದ ಮರಗಳು.

ಇಷ್ಟರಲ್ಲಿ ಕಿವಿ ಮುಚ್ಚಿಕೊಂಡಿರುತ್ತದೆ. ಹಳ್ಳಿಯಿಂದ ನದಿಗೆ ಇಳಿದಾಗ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಜಾಸ್ತಿಯಾಗುತ್ತದೆ. ನೀರಿನಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ಮುಳುಗಿದಷ್ಟು. ಮೇಲೆ ಬಿಗಿಯಾಗಿ ಮುಚ್ಚಿದ ಖಾಲಿ ಬಾಟಲಿ ಕೆಳಗೆ ಬರುವಾಗ ಚಪ್ಪಟೆಯಾಗೋದು ಇದಕ್ಕೇ. ಇಂಥ ಪ್ರಯೋಗವನ್ನು ಮೊದಲು ಗಂಭೀರವಾಗಿ ಮಾಡಿದ್ದೂ ಒಂದು ಸೆಪ್ಟೆಂಬರಿನಲ್ಲಿ. 1648ರ ಸೆಪ್ಟೆಂಬರ್ 19ರಂದು ವಿಜ್ಞಾನಿ ಬ್ಲೇಸ್ ಪಾಸ್ಕಲ್‌ನ ಭಾವ ಫ್ಲೋರಿನ್ ಪೆರಿಯೆ ಗಾಳಿಯ ಒತ್ತಡ ಅಳೆಯುವ ಪಾದರಸದ ಕೊಳವೆ ಹಿಡಿದು ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟ ಹತ್ತಿದ. ತುದಿಯಲ್ಲಿ ಪಾದರಸ 8 ಸೆಂಟಿಮೀಟರಿಗೂ ಜಾಸ್ತಿ ಕುಸಿದಿತ್ತು. ಕೆಳಗೆ ಇನ್ನೊಂದು ಕೊಳವೆಯನ್ನು ಒಬ್ಬ ಪಾದ್ರಿ ದಿನವಿಡೀ ಕಾಯುತ್ತಾ ಕೂತಿದ್ದ. ಅದು ಅಲ್ಲಾಡಲಿಲ್ಲ. ಇಡೀ ದಿನ ಬದಲಾಗದ ಕೊಳವೆ ನೋಡುತ್ತಾ ಕೂತ ಆ ಪಾದ್ರಿಗೆ ನನ್ನ ನಮಸ್ಕಾರ. ಅವನಿಲ್ಲದೆ ಪ್ರಯೋಗ ಪೂರ್ತಿಯಾಗುತ್ತಿರಲಿಲ್ಲ.

ಕಿವಿಯ ವಿಷಯದಲ್ಲೂ ಇಳಿಯೋದೇ ಕಷ್ಟ. ಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ. ಮೇಲೇರುವಾಗ ಒಳಗಿನ ಗಾಳಿ ತಾನಾಗಿಯೇ ಅದನ್ನು ತಳ್ಳಿಕೊಂಡು ಹೊರಬರುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಆ ಮೆತ್ತನೆಯ ನಾಳವನ್ನೇ ಅಮುಕುತ್ತದೆ. ನಾವು ಉಗುಳು ನುಂಗಬೇಕು, ಇಲ್ಲಾ ಆಕಳಿಸಬೇಕು.

ಈಗ ಕಾಲಿಗೆ ಬರೋಣ. 60 ಕಿಲೋ ತೂಕದ ವ್ಯಕ್ತಿ 800 ಮೀಟರ್ ಇಳಿದರೆ ಸುಮಾರು 470 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಕೋಣೆಯ ಬಿಸಿಯಲ್ಲಿರುವ 1.4 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಇದೆಲ್ಲ ಎಲ್ಲಿಗೆ ಹೋಗಬೇಕು? ಬಂಡೆಯಾಗಿದ್ದರೆ ಉರುಳಿ ವೇಗವಾಗುತ್ತಿತ್ತು. ನಾವು ಉರುಳೋದಿಲ್ಲ, ಅಂದರೆ ಹೆಜ್ಜೆ ಹೆಜ್ಜೆಗೂ ಬ್ರೇಕ್ ಹಾಕುತ್ತೇವೆ. ಆ ಬ್ರೇಕು ಬಹುಪಾಲು ತೊಡೆಯ ಮುಂಭಾಗದ ಸ್ನಾಯು. ಬ್ರೇಕ್ ಬಿಸಿಯಾಗುವ ಹಾಗೆ ಇಲ್ಲೂ ಶಕ್ತಿಯ ಹೆಚ್ಚಿನ ಭಾಗ ಬಿಸಿಯಾಗಿ ಹೋಗುತ್ತದೆ.

ಸ್ನಾಯು ಅಂದರೆ ಕುಗ್ಗುವ ಯಂತ್ರ. ಹತ್ತುವಾಗ ಅದು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಮಂಡಿ ಬಾಗುತ್ತದೆ, ಸ್ನಾಯು ಬಿಗಿ ಹಿಡಿದಿರುವಾಗಲೇ ಹಿಗ್ಗುತ್ತದೆ. ಹಗ್ಗಜಗ್ಗಾಟದಲ್ಲಿ ಸೋಲುತ್ತಿರುವ ತಂಡದ ಹಾಗೆ. ಕೈ ಬಿಡುವಂತಿಲ್ಲ, ನಿಲ್ಲಲೂ ಆಗದು, ಎಳೆತಕ್ಕೆ ಜಾರುತ್ತಾ ಇರಬೇಕು. ವಿಚಿತ್ರ ಅಂದರೆ ಇದಕ್ಕೆ ಆಮ್ಲಜನಕ ಕಡಿಮೆ ಸಾಕು. ನೂರು ಹೆಜ್ಜೆಗೆ ಹತ್ತು ಹೆಜ್ಜೆ ಇಳಿಯುವಂಥ ಹಗುರ ಇಳಿಜಾರಿನಲ್ಲಿ ನಡೆಯಲು ಸಮತಟ್ಟು ನೆಲಕ್ಕಿಂತ ಕಡಿಮೆ ಶಕ್ತಿ ಸಾಕು. ಹೃದಯಕ್ಕೆ ಆರಾಮ, ಅದಕ್ಕೇ ಹರಟೆ. ಆದರೆ ಸ್ನಾಯುವಿನೊಳಗಿನ ಸೂಕ್ಷ್ಮ ಎಳೆಗಳಿಗೆ ಪೆಟ್ಟು ಬೀಳುತ್ತಿರುತ್ತದೆ. ಅದರ ಬಾವು ಮತ್ತು ನೋವು ಕಾಣಿಸಿಕೊಳ್ಳೋದು ಒಂದರಿಂದ ಮೂರು ದಿನ ಬಿಟ್ಟು.

ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು ನೋವು ಬರುತ್ತದೆ ಅಂತ ಇವತ್ತಿಗೂ ಜಿಮ್‌ಗಳಲ್ಲಿ ಹೇಳುತ್ತಾರೆ. ಅದು ತಪ್ಪು. ರಕ್ತದಲ್ಲಿ ಸೇರಿದ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲೇ ಖಾಲಿಯಾಗುತ್ತದೆ. ಎರಡನೇ ದಿನದ ನೋವಿಗೆ ಅದು ಹೊಣೆಯಲ್ಲ. ಥಿಯೋಡೋರ್ ಹಫ್ ಎಂಬವರು 1902ರಲ್ಲೇ ಇದು ಸ್ನಾಯುವಿನೊಳಗೆ ಎಳೆಗಳು ಹರಿದದ್ದರ ನೋವು ಇರಬೇಕು ಅಂದಿದ್ದರು. ಒಂದು ಸಮಾಧಾನವೂ ಇದೆ. ಒಮ್ಮೆ ಹೀಗೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಇಳಿಜಾರಿಗೆ ಅಷ್ಟು ನೋಯೋದಿಲ್ಲ. ದೊಡ್ಡ ಚಾರಣಕ್ಕೆ ಎರಡು ವಾರ ಮೊದಲು ಒಂದು ಸಣ್ಣ ಇಳಿಜಾರು ಇಳಿದು ಬನ್ನಿ ಅಂತ ನಾನು ಹೇಳೋದು ಇದಕ್ಕೇ. ಹತ್ತಿ ಅಭ್ಯಾಸ ಮಾಡಿದರೆ ಈ ಲಾಭ ಸಿಗದು.

ನದಿ ಕಾಣುವ ಮೊದಲೇ ಕೇಳಿಸುತ್ತದೆ. ನೀರು ನೀರಿಗೆ ಬಡಿಯುವ ಸದ್ದು ಅಂದುಕೊಳ್ಳುತ್ತೇವೆ. ಹಾಡುತ್ತಿರುವುದು ನಿಜಕ್ಕೂ ಗಾಳಿ. ಧುಮುಕುವ ನೀರು ಗಾಳಿಯ ಗುಳ್ಳೆಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಪ್ರತಿ ಗುಳ್ಳೆಯೂ ಹುಟ್ಟುವಾಗ ಸಣ್ಣ ಗಂಟೆಯಂತೆ ಮಿಡಿಯುತ್ತದೆ. ನೆದರ್ಲೆಂಡ್ಸ್‌ನ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಇದರ ಲೆಕ್ಕ ಹಾಕಿದರು. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಬಾರಿ ಕಂಪಿಸುತ್ತದೆ. ದೊಡ್ಡ ಗುಳ್ಳೆ, ದಪ್ಪ ದನಿ.

ಕಲ್ಲುಗಳೂ ಇದೇ ದಾರಿಯಲ್ಲಿ ಬಂದಿವೆ. ಮೇಲಿನ ಬಂಡೆಗಳ ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತದೆ, ಬಂಡೆ ಸೀಳುತ್ತದೆ. ಅಲ್ಲಿನ ಚೂರುಗಳಿಗೆ ಚೂಪು ಅಂಚು. ನದಿಯ ಕಲ್ಲು ಕೈಗೆ ತೆಗೆದುಕೊಂಡರೆ ನುಣುಪು. ಮೊದಲು ಸವೆಯೋದು ಮೂಲೆಗಳು, ಗಾತ್ರ ಕರಗೋದು ಆಮೇಲೆ. ಒಣಗಿದ ಪಾತ್ರದಲ್ಲಿ ಚಪ್ಪಟೆ ಕಲ್ಲುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿರುವುದನ್ನು ಗಮನಿಸಿ. ಅವುಗಳ ಮೇಲ್ತುದಿ ವಾಲಿರುವ ಕಡೆಗೆ ನೀರು ಹರಿದಿತ್ತು.

ಶರತ್ಕಾಲದ ನೀರು ಕಡಿಮೆ, ಆದರೆ ಕನ್ನಡಿಯಂತೆ ತಿಳಿ. ಹಿಮ ಕರಗಿ ಬರುತ್ತಿದ್ದ ನೀರು ನಿಂತುಹೋಗಿದೆ, ಮಳೆ ಕೆಸರು ತಂದಿಲ್ಲ. ನೆಲದೊಳಗಿಂದ ಮೆಲ್ಲಗೆ ಜಿನುಗಿದ ನೀರೇ ಹೆಚ್ಚು. ಈ ತಿಳಿನೀರು ಮೋಸ ಮಾಡುತ್ತದೆ. ಬೆಳಕು ಬಾಗುವುದರಿಂದ ಒಂದು ಮೀಟರ್ ಆಳ ಮೇಲಿಂದ ನೋಡಿದಾಗ 75 ಸೆಂಟಿಮೀಟರಿನಷ್ಟೇ ಕಾಣುತ್ತದೆ. ಮಂಡಿಯವರೆಗೆ ಅಂದುಕೊಂಡು ಕಾಲಿಟ್ಟರೆ ತೊಡೆಯವರೆಗೆ ಬರುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕರಷ್ಟು.

ದಂಡೆಯ ಮೂಲೆಯಲ್ಲಿ ಎಲೆಗಳ ರಾಶಿ, ಪಕ್ಕದಲ್ಲಿ ಬಿಳಿ ನೊರೆ. ನೊರೆ ಕಂಡರೆ ಸೋಪು ಅಂತ ಅನುಮಾನ ಬರುತ್ತದೆ. ಎಷ್ಟೋ ಕಡೆ ಅದು ಕೊಳೆತ ಎಲೆಗಳ ರಸದಿಂದಲೇ ಆದ ನೊರೆ. 1942ರಲ್ಲಿ ಇಂಗ್ಲೆಂಡಿನ ಇಂಗೋಲ್ಡ್ ಎಂಬ ವಿಜ್ಞಾನಿ ಹೊಳೆಯ ಎಲೆಗಳ ಮೇಲೆ ಬೆಳೆಯುವ ಶಿಲೀಂಧ್ರಗಳ ಒಂದು ದೊಡ್ಡ ಗುಂಪನ್ನು ವಿವರಿಸಿದರು. ಅವುಗಳಲ್ಲಿ ಬಹಳಷ್ಟರ ಬೀಜಕಣಗಳಿಗೆ ನಾಲ್ಕು ಕೈ, ಪುಟ್ಟ ಲಂಗರಿನ ಹಾಗೆ. ಹರಿವಿನಲ್ಲಿ ಎಲೆಗೆ ಸಿಕ್ಕಿಕೊಳ್ಳಲು ಈ ಆಕಾರ ಹೇಳಿ ಮಾಡಿಸಿದ್ದು. ನೊರೆಯಲ್ಲೂ ಅವು ರಾಶಿ ರಾಶಿ ಸಿಗುತ್ತವೆ. ಶಿಲೀಂಧ್ರ ಮೊದಲು ಎಲೆಯನ್ನು ಮೆತ್ತಗೆ ಮಾಡುತ್ತದೆ, ಆಮೇಲೆ ಕೀಟಗಳ ಮರಿಗಳು ಹರಿದು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ಕಾಡಿನ ಸಣ್ಣ ಹೊಳೆಗಳಲ್ಲಿ ನೆರಳು ಜಾಸ್ತಿ, ಪಾಚಿ ಕಡಿಮೆ. ಅಲ್ಲಿನ ಜೀವಿಗಳಿಗೆ ವರ್ಷದ ಊಟ ಬರೋದು ಬಹುಪಾಲು ಈ ಕೆಲವು ವಾರಗಳಲ್ಲಿ, ಇಳಿಜಾರಿನ ಮೇಲಿಂದ.

ಕೂತು ನೋಡುತ್ತಾ ಹೊತ್ತು ಹೋಗುತ್ತದೆ. ಆದರೆ ಹತ್ತಬೇಕಲ್ಲ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಹೇಳಿದ ಲೆಕ್ಕ ಇದಕ್ಕೆ ಸಾಕು. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಎರಡೂವರೆ ಗಂಟೆ ದಾಟುತ್ತದೆ, ಅದೂ ಎಲ್ಲೂ ಕೂರದೆ ನಡೆದರೆ. ಸೂರ್ಯ ಐದಕ್ಕೆ ಮುಳುಗುವುದಾದರೆ ಎರಡು ಗಂಟೆಗೇ ಎದ್ದುಬಿಡಿ. ಕಣಿವೆಗೆ ನೆರಳು ಬೀಳೋದು ಅದಕ್ಕೂ ಬೇಗ. ಬಿಸಿಲು ಸರಿದ ಸ್ವಲ್ಪ ಹೊತ್ತಿಗೆ, ನೀವು ಹತ್ತುತ್ತಿರುವ ದಾರಿಯಲ್ಲೇ, ಕಣಕಾಲಿಗೆ ತಾಗುವಷ್ಟು ಎತ್ತರದಲ್ಲಿ, ತಣ್ಣನೆಯ ಗಾಳಿ ಎದುರು ಇಳಿದು ಬರಲು ಶುರುವಾಗಿರುತ್ತದೆ.