ನೆಲಮಾಳಿಗೆಯ ಪಂಪು ನಿಂತರೆ ಯಾರಿಗೆ ಗೊತ್ತಾಗುತ್ತದೆ?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮುರಕಲ್ಲಿನ ನೆಲ ತೂತುತೂತು. ಕುಡಿದ ನೀರನ್ನು ನೆಲಮಾಳಿಗೆಯ ಗೋಡೆಯಿಂದ ಒಳಕ್ಕೆ ಜಿನುಗಿಸುತ್ತದೆ. ಅದಕ್ಕೇ ಫ್ಲ್ಯಾಟುಗಳ ಬೇಸ್‌ಮೆಂಟಿನಲ್ಲಿ ಒಂದು ಗುಂಡಿ, ಅದರಲ್ಲೊಂದು ಪಂಪು.

ತೇವ ಏರಿದ ಹಾಗೆ ಪಂಪಿನ ಲೈನಿನಲ್ಲಿರುವ, ಕರೆಂಟು ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಪದೇಪದೇ ಟ್ರಿಪ್ ಆಗುತ್ತದೆ. ನೀರು ತುಂಬುತ್ತದೆ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಅದನ್ನು ಬೈಪಾಸ್ ಮಾಡಿಬಿಡಿ ಮಾರಾಯ್ರೆ." ದಯವಿಟ್ಟು ಮಾಡಬೇಡಿ.

ಕೈಕಾಲು ಒದ್ದೆಯಾಗಿದ್ದಾಗ ಮೈಯ ವಿದ್ಯುತ್ ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. 230 ವೋಲ್ಟ್ ತಗುಲಿದರೆ ಹರಿಯುವುದು 230 ಮಿಲಿ ಆಂಪಿಯರ್, ಅಂದರೆ ಹೃದಯದ ಬಡಿತ ಕೆಡಿಸಲು ಸಾಕಾಗುವಷ್ಟು. ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚಾದ 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಆರ್‌ಸಿಸಿಬಿ ನೋಡುವುದೇ ಬೇರೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರೊಳಗಿನ ಒಂದೇ ಕಬ್ಬಿಣದ ಬಳೆಯ ಮೂಲಕ ಹಾದುಹೋಗುತ್ತವೆ. ಹೋದ ಕರೆಂಟೂ ಮರಳಿದ ಕರೆಂಟೂ ಸಮವಿದ್ದರೆ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸ್ವಲ್ಪ ಕರೆಂಟು ಮೈಯಿಂದಲೋ ಒದ್ದೆ ಗೋಡೆಯಿಂದಲೋ ನೆಲಕ್ಕೆ ಸೋರಿದರೆ ಆ ಸಮತೋಲ ತಪ್ಪಿ ಸ್ವಿಚ್ ಬೀಳುತ್ತದೆ. ಮನೆಗಳಿಗೆ ಹೇಳಿ ಮಾಡಿಸಿದ್ದು 30 ಮಿಲಿ ಆಂಪಿಯರಿನದು. ಸೋರಿಕೆ ಅಷ್ಟಾದರೆ 0.3 ಸೆಕೆಂಡಿನೊಳಗೆ ಕಡಿಯಬೇಕು. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿದರೆ ಮಾತ್ರ ಅದಕ್ಕೂ ತಿಳಿಯುವುದಿಲ್ಲ. ಪದೇಪದೇ ಬೀಳುತ್ತಿದ್ದರೆ ಹೆಚ್ಚಾಗಿ ಎಲ್ಲೋ ಸೋರಿಕೆ ಇದೆ ಎಂದು ಅರ್ಥ: ಪಂಪಿನ ಸೀಲ್, ಕೇಬಲ್ ಜಾಯಿಂಟ್, ಉಪ್ಪುಗಾಳಿಗೆ ತುಕ್ಕು ಹಿಡಿದ ಸ್ವಿಚ್ ಬಾಕ್ಸ್.

ಆದರೆ ಬೈಪಾಸ್ ಕೇಳುವವರ ಸಂಕಟವೂ ನಿಜವೇ. ಪಂಪಿನ ಲೈನ್ ಮಾತ್ರ ಬಿದ್ದರೆ ಮೇಲೆ ಮನೆಮನೆಯಲ್ಲೂ ದೀಪ ಉರಿಯುತ್ತಿರುತ್ತದೆ, ಕೆಳಗೆ ನೀರೇರುವುದು ಯಾರಿಗೂ ಕಾಣುವುದಿಲ್ಲ. ಇದಕ್ಕೆ ಬೇಕಿರುವುದು ಎಚ್ಚರಿಕೆಯ ಗಂಟೆ. ಪಂಪಿಗೇ ಬೇರೆ ಆರ್‌ಸಿಸಿಬಿ ಕೊಟ್ಟು, ಅದರ ನಂತರದ ಲೈನಿಗೆ ಒಂದು ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಜೋಡಿಸಬೇಕು. ಕರೆಂಟು ಇರುವವರೆಗೆ ರಿಲೇ ಎಳೆದು ಹಿಡಿದಿರುತ್ತದೆ. ಹೋದ ಕ್ಷಣ ಬಿಟ್ಟುಬಿಡುತ್ತದೆ, ಬ್ಯಾಟರಿಯ ಬಜರ್ ಕೂಗುತ್ತದೆ. ಸಿಮ್ ಇರುವ ಯಂತ್ರವಾದರೆ ಮೊಬೈಲಿಗೆ ಕರೆ ಬರುತ್ತದೆ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಸಿಗುವುದು ಕಷ್ಟ, ಹಾಗಾಗಿ ಯಂತ್ರ ಮೇಲಿನ ಬೋರ್ಡಿನ ಬಳಿಯೇ ಇರಲಿ. ವೈಫೈ ನಂಬುವುದಾದರೆ ರೂಟರನ್ನೂ ಇನ್ವರ್ಟರಿಗೆ ಹಾಕಿಸಬೇಕು. ಕರೆಂಟಿದ್ದೂ ಪಂಪು ಕಸ ಸಿಕ್ಕಿ ನಿಲ್ಲಬಹುದು, ಆದ್ದರಿಂದ ನೀರೇರಿದಾಗ ತೇಲಿ ಮೇಲೆದ್ದು ಕೂಗಿಸುವ, ಬ್ಯಾಟರಿಯಲ್ಲೇ ನಡೆಯುವ ಫ್ಲೋಟ್ ಸ್ವಿಚ್ಚಿನ ಅಲಾರಂ ಕೂಡ ಇರಲಿ.

ಗಂಟೆ ಕೂಗಿತೆಂದು ನೀರಿಗಿಳಿಯಬೇಡಿ. ಮೊದಲು ಮೇಲಿನಿಂದಲೇ ಮೇನ್ ಆಫ್ ಮಾಡಿ. ಮೇನ್ ಕೆಳಗೆ ನೀರಿನಲ್ಲೇ ಇದ್ದರೆ ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಕರೆ ಮಾಡಿ, ಅವರು ಕಂಬದಲ್ಲಿ ಕಡಿದ ಮೇಲೆ ಇಳಿಯಿರಿ.