ಕಲಿತ ಕೈ: ನಿಕೋಲಾ ಪಿಸಾನೊ ಕಲ್ಲಿನಲ್ಲಿ ತೋಡಿದ ನೆರಳು

ಇಟಲಿಯ ಪಿಸಾದಲ್ಲಿ ವಾಲುಗೋಪುರ ನಿಂತಿರುವ ಬಯಲಿನಲ್ಲೇ ಗುಂಡನೆಯ ಇನ್ನೊಂದು ಕಟ್ಟಡವಿದೆ. ಅದು ಬ್ಯಾಪ್ಟಿಸ್ಟರಿ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಜಾಗ. ಒಳಗೆ ಸುಮಾರು 4.6 ಮೀಟರ್ ಎತ್ತರದ, ಆರು ಮುಖದ ಅಮೃತಶಿಲೆಯ ಪ್ರವಚನ ಪೀಠವಿದೆ. ಅದರ ಮೇಲಿನ ಲ್ಯಾಟಿನ್ ಪದ್ಯ ಇಸವಿಯನ್ನು ಲೆಕ್ಕದ ರೂಪದಲ್ಲಿ ಹೇಳುತ್ತದೆ: ಒಂದು ಸಾವಿರ, ಎರಡು ಸಲ ನೂರು, ಎರಡು ಸಲ ಮೂವತ್ತು. ಕೂಡಿದರೆ 1260. ಈ ಕೆಲಸ ನಿಕೋಲಾ ಪಿಸಾನೊನದು, ಇಷ್ಟು ಚೆನ್ನಾಗಿ ಕಲಿತ ಕೈಗೆ ತಕ್ಕ ಹೊಗಳಿಕೆ ಸಲ್ಲಲಿ ಎಂದು ಪದ್ಯ ಮುಗಿಯುತ್ತದೆ.

ಆ ಕೈ ಕಲಿತದ್ದು ಎಲ್ಲಿ?

ಸಿಯೆನಾ ನಗರದ ದಾಖಲೆಯೊಂದು ಇವನನ್ನು ಅಪುಲಿಯಾದ ನಿಕೋಲಾ ಎಂದು ಕರೆಯುತ್ತದೆ. ಅಪುಲಿಯಾ ಇಟಲಿಯ ದಕ್ಷಿಣದ ಸೀಮೆ. ಅಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಹಳೆಯ ರೋಮನ್ ಶೈಲಿಗೆ ಮತ್ತೆ ಜೀವ ಕೊಡುತ್ತಿದ್ದ ಕಾಲವದು. ಆದರೆ ನಿಜವಾದ ಪಾಠಶಾಲೆ ಪಿಸಾದಲ್ಲೇ ಇತ್ತು. ರೋಮನ್ನರ ಕಾಲದ ಅಮೃತಶಿಲೆಯ ಶವಪೆಟ್ಟಿಗೆಗಳನ್ನು ಪಿಸಾದ ಸಿರಿವಂತರು ತಮ್ಮವರನ್ನು ಹೂಳಲು ಮತ್ತೆ ಬಳಸುತ್ತಿದ್ದರು. 1076ರಲ್ಲಿ ತೀರಿಕೊಂಡ ಬಿಯಾಟ್ರಿಸ್ ಎಂಬ ಆಳುವ ಮನೆತನದ ಹೆಂಗಸನ್ನು ಇರಿಸಿದ ಪೆಟ್ಟಿಗೆಯ ಮೇಲೆ ಫೀಡ್ರಾ ಮತ್ತು ಹಿಪ್ಪೊಲಿಟಸ್‌ರ ಗ್ರೀಕ್ ಕಥೆಯ ಕೆತ್ತನೆಯಿದೆ. ಈಗಲೂ ಅದನ್ನು ಪಕ್ಕದ ಕಾಂಪೊಸಾಂತೊ ಸ್ಮಶಾನದಲ್ಲಿ ನೋಡಬಹುದು. ಅಲ್ಲಿ ಕುಳಿತಿರುವ ಫೀಡ್ರಾಳನ್ನು ನೋಡಿಕೊಂಡು ಬಂದು, ಪೀಠದ ಮೇಲೆ ಮೂವರು ಜ್ಞಾನಿಗಳು ಶಿಶು ಯೇಸುವಿಗೆ ಕಾಣಿಕೆ ತರುವ ದೃಶ್ಯದಲ್ಲಿ ಮೇರಿಯನ್ನು ನೋಡಿ. ಅದೇ ಗತ್ತು, ಅದೇ ತುಂಬು ಮುಖ. ಪೀಠದ ಒಂದು ಮೂಲೆಯಲ್ಲಿ ನಿಂತ ‘ಧೈರ್ಯ’ ಎಂಬ ಸದ್ಗುಣವಂತೂ ಬತ್ತಲೆ ಹರ್ಕ್ಯುಲಿಸ್. ಚರ್ಚಿನೊಳಗೆ, 1260ರಲ್ಲಿ!

ಭಂಗಿಯ ನಕಲು ಯಾರಾದರೂ ಮಾಡಿಯಾರು. ನಿಕೋಲಾ ಆ ಪೆಟ್ಟಿಗೆಯಿಂದ ಎತ್ತಿಕೊಂಡ ದೊಡ್ಡ ವಿದ್ಯೆ ಆಳದ್ದು. ಅದನ್ನು ತಿಳಿಯಲು ಕಲ್ಲಿನ ಸ್ವಭಾವ ಗೊತ್ತಿರಬೇಕು.

ಅಮೃತಶಿಲೆ ಎಂದರೆ ಭೂಮಿಯ ಒಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಹರಳುಗಟ್ಟಿದ ಸುಣ್ಣಕಲ್ಲು. ಮುರಿದ ಅಂಚು ಸಕ್ಕರೆಯ ಹಾಗೆ ಮಿನುಗುತ್ತದೆ. ಒಂದೊಂದು ಕಾಳೂ ಒಂದು ಕ್ಯಾಲ್ಸೈಟ್ ಹರಳು. ಮೋಸ್ ಮಾಪಕದಲ್ಲಿ ಇದರ ಗಡಸುತನ 3, ಅಂದರೆ ಉಗುರಿಗೆ ಜಗ್ಗದು, ಚಾಕುವಿನ ಮೊನೆಗೆ ಗೀರು ಬೀಳುತ್ತದೆ. ತೂಕ ಘನ ಮೀಟರಿಗೆ ಸುಮಾರು 2.7 ಟನ್. ಪೀಠದ ಯೇಸುಜನನದ ಫಲಕ ಸುಮಾರು 85 ಸೆಂ.ಮೀ. ಎತ್ತರ, 113 ಸೆಂ.ಮೀ. ಅಗಲವಿದೆ. ಅಂಥ ಹಲಗೆ 20 ಸೆಂ.ಮೀ. ದಪ್ಪವಿದ್ದರೆ ಕೆತ್ತುವ ಮೊದಲೇ 500 ಕಿಲೋ ದಾಟುತ್ತದೆ.

ಮೊದಲು ಮೊನೆಯುಳಿ. ಅದನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು ಹೊಡೆದರೆ ಚಕ್ಕೆ ಹಾರುತ್ತದೆ. ನೆಟ್ಟಗೆ ಹಿಡಿದು ಹೊಡೆದರೆ ಚಕ್ಕೆ ಹಾರುವ ಬದಲು ಪೆಟ್ಟು ಒಳಗಿಳಿದು ಹರಳುಗಳು ಬಿರುಕು ಬಿಡುತ್ತವೆ. ಆಗಲೇ ಅದು ಕಣ್ಣಿಗೆ ಬೀಳದೇ ಇರಬಹುದು. ಹೊಳಪು ಕೊಡುವಾಗ ಕೆನ್ನೆಯ ಮೇಲೋ ಹಣೆಯ ಮೇಲೋ ಸುಣ್ಣದಂಥ ಬಿಳಿ ಚುಕ್ಕೆ ಏಳುತ್ತದೆ, ಉಜ್ಜಿದಷ್ಟೂ ಎದ್ದು ಕಾಣುತ್ತದೆ. ಅದಕ್ಕೇ ಕೊನೆಯ ಒಂದು ಸೆಂಟಿಮೀಟರಿನಷ್ಟು ಕಲ್ಲನ್ನು ಹಲ್ಲುಳಿಗೆ ಬಿಡಬೇಕು. ಆಮೇಲೆ ಚಪ್ಪಟೆ ಉಳಿ, ಅರ, ಕಡೆಗೆ ಉಜ್ಜುಕಲ್ಲು.

ಆದರೆ ಬಟ್ಟೆಯ ಮಡಿಕೆಯ ಹಿಂದಕ್ಕೆ, ಕುದುರೆಯ ಕಾಲಿನ ಸಂದಿಗೆ ಉಳಿ ಇಳಿಸಿದರೆ ತೆಳು ಭಾಗ ಪೆಟ್ಟಿನ ಅದುರಿಗೇ ಮುರಿದು ಬೀಳುತ್ತದೆ. ರೋಮನ್ನರು ಅಲ್ಲಿ ಬಳಸುತ್ತಿದ್ದುದು ಬೈರಿಗೆ. ಒಬ್ಬ ಅದನ್ನು ಕಲ್ಲಿಗೆ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತಿರುಗಿಸುತ್ತಾನೆ. ಮೊದಲು ಮೊನೆಯುಳಿಯಿಂದ ಸಣ್ಣ ಗುಳಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬೈರಿಗೆ ಜಾರಿ ಪಕ್ಕದ ಮೂಗನ್ನು ಗೀರುತ್ತದೆ. ಸಾಲಾಗಿ ರಂಧ್ರ ಕೊರೆದು, ನಡುವೆ ಉಳಿದ ತೆಳು ಗೋಡೆಗಳನ್ನು ಕಿರಿದಾದ ಉಳಿಯಿಂದ ಮೆಲ್ಲಗೆ ತಟ್ಟಿ ತೆಗೆದರೆ ಆಳವಾದ ಕಾಲುವೆ ಸಿದ್ಧ. ರಂಧ್ರದೊಳಗಿನ ಹಿಟ್ಟನ್ನು ಆಗಾಗ ತೆಗೆಯದಿದ್ದರೆ ಬೈರಿಗೆ ಅದರಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ಇದರಿಂದ ಸಿಗುವುದು ನೆರಳು. ಅಮೃತಶಿಲೆಯ ಮೇಲೆ ಬಿದ್ದ ಬೆಳಕು ಅಲ್ಲಿಂದಲೇ ಹಿಂದಿರುಗುವುದಿಲ್ಲ. ತುಸು ಒಳಗೆ ಇಳಿದು, ಹರಳುಗಳ ನಡುವೆ ಚದುರಿ ಹೊರಬರುತ್ತದೆ. ಕಲ್ಲು ಚರ್ಮದಂತೆ ಮೃದುವಾಗಿ ಕಾಣುವುದು ಅದಕ್ಕೇ, ಮೇಲುಮೇಲಿನ ಗೀರುಗಳು ಮಂಕಾಗಿ ತೋರುವುದೂ ಅದಕ್ಕೇ. ಮಂದ ಬೆಳಕಿನ ಕಟ್ಟಡದಲ್ಲಿ, ತಲೆಯ ಮೇಲಿರುವ ಫಲಕದಲ್ಲಿ, ಬೈರಿಗೆ ತೋಡಿದ ಕಪ್ಪು ಗೆರೆ ಮಾತ್ರ ಒಂದು ಮುಖವನ್ನು ಪಕ್ಕದ ಮುಖದಿಂದ ಬಿಡಿಸಿ ತೋರಿಸಬಲ್ಲದು. ಯೇಸುಜನನದ ಫಲಕವೊಂದರಲ್ಲೇ ದೇವದೂತನ ಸಂದೇಶ, ಕುರುಬರು, ಶಿಶುವಿನ ಸ್ನಾನ ಎಲ್ಲವನ್ನೂ ಇಡಲು ನಿಕೋಲಾನಿಗೆ ಸಾಧ್ಯವಾದದ್ದು ಹೀಗೆ.

ಈ ವಿದ್ಯೆ ಮುಂದಕ್ಕೆ ಹೋದ ಬಗೆ 1265ರ ಸೆಪ್ಟೆಂಬರ್ 29ರ ಒಪ್ಪಂದದಲ್ಲಿ ಕಾಣುತ್ತದೆ. ಸಿಯೆನಾ ಕೆಥೆಡ್ರಲ್‌ಗೆ ಎಂಟು ಮುಖದ ಪೀಠ, ಕರ‍್ರಾರಾ ಗಣಿಯ ಕಲ್ಲು. ದಿನಗೂಲಿ ನಿಕೋಲಾನಿಗೆ 8 ಸೋಲ್ದಿ (ಆಗಿನ ಹಣ), ಶಿಷ್ಯರಾದ ಆರ್ನೋಲ್ಫೊ ಮತ್ತು ಲಾಪೊಗೆ 6, ಮಗ ಜೊವಾನ್ನಿಗೆ 4. ಮೂರು ವರ್ಷದಲ್ಲಿ, ಮುನ್ನೂರಕ್ಕೂ ಹೆಚ್ಚು ಮಾನವಾಕೃತಿಗಳೊಂದಿಗೆ, ಕೆಲಸ ಮುಗಿಯಿತು. ಗುರು ಒಬ್ಬನೇ ಅಷ್ಟನ್ನು ಕೆತ್ತಲಾರ. ಕೂಲಿಯ ಆ ಮೂರು ಮೆಟ್ಟಿಲೇ ಒಂದು ಶಾಲೆ ಎಂಬುದು ನನ್ನ ಎಣಿಕೆ: 6 ಸೋಲ್ದಿಯ ಆರ್ನೋಲ್ಫೊ ಮುಂದೆ, 1296ರಲ್ಲಿ ಶುರುವಾದ ಫ್ಲಾರೆನ್ಸ್ ಕೆಥೆಡ್ರಲ್‌ನ ಮೊದಲ ನಕ್ಷೆ ಹಾಕಿದ. ಬೊಲೊನ್ಯದಲ್ಲಿ ಇದೇ ಕಮ್ಮಟ ಆರಂಭಿಸಿದ ಸಂತ ಡೊಮಿನಿಕ್‌ನ ಸಮಾಧಿಗೆ ಉಳಿದಿದ್ದ ಮೂರು ಪುಟ್ಟ ವಿಗ್ರಹಗಳನ್ನು 1494–95ರಲ್ಲಿ ಕೆತ್ತಿದವನು ಇಪ್ಪತ್ತು ತುಂಬುತ್ತಿದ್ದ ಮೈಕೆಲೆಂಜೆಲೊ.

ಪೆರೂಜಾ ನಗರದ ದೊಡ್ಡ ಕಾರಂಜಿ ತಂದೆಮಗನ ಜಂಟಿ ಕೆಲಸ, 1278ರದು. ಅಲ್ಲಿ ಕಲ್ಲು ಬಯಲಿನಲ್ಲಿದೆ. ಗಾಳಿಯಲ್ಲಿನ ಗಂಧಕದ ಆಮ್ಲ ಕ್ಯಾಲ್ಸೈಟನ್ನು ಜಿಪ್ಸಮ್ ಮಾಡುತ್ತದೆ. ಮಳೆ ತಾಗುವಲ್ಲಿ ಅದು ಕರಗಿ ಹೋಗುತ್ತದೆ, ತಾಗದ ಮರೆಯಲ್ಲಿ ಮಸಿ ಹಿಡಿದು ಕರಿ ಪದರವಾಗುತ್ತದೆ. ಬೈರಿಗೆ ತೋಡಿದ ಆಳಗಳೇ ಆ ಮರೆ. ಬಯಲಿನ ಕೆತ್ತನೆಗೆ ಇದು ದೊಡ್ಡ ಶತ್ರು.

ನಿಕೋಲಾ 1284ರ ಹೊತ್ತಿಗೆ ತೀರಿಕೊಂಡಿದ್ದ. ಆ ಹೊತ್ತಿಗೆ ಜೊವಾನ್ನಿ ಸಿಯೆನಾ ಕೆಥೆಡ್ರಲ್‌ನ ಮುಂಭಾಗಕ್ಕೆ ಆಳೆತ್ತರದ ಪ್ರವಾದಿಗಳನ್ನು ಕೆತ್ತುವ ಕೆಲಸ ಹಿಡಿದಿದ್ದ. ಎತ್ತರದಲ್ಲಿ ನಿಲ್ಲುವ ವಿಗ್ರಹವನ್ನು ಕೆಳಗಿನಿಂದ ನೋಡಿದರೆ ಎದೆ ಮತ್ತು ಗದ್ದ ಮುಖವನ್ನು ನುಂಗುತ್ತವೆ. ಅದಕ್ಕೆ ಅವನು ಕತ್ತನ್ನು ಮುಂದಕ್ಕೆ ಚಾಚಿಸಿದ, ಕಣ್ಣು ಬಾಯಿಗಳನ್ನು ಇನ್ನೂ ಆಳಕ್ಕೆ ತೋಡಿದ. ಆ ವಿಗ್ರಹಗಳು ಈಗ ಪಕ್ಕದ ವಸ್ತುಸಂಗ್ರಹಾಲಯದಲ್ಲಿವೆ. ಮೋಶೆಯ ಅಕ್ಕ ಮಿರಿಯಮಳ ಮುಂದೆ ಸರಿಸಮನಾಗಿ ನಿಂತರೆ ಕತ್ತು ಬೇಕಿಲ್ಲದಷ್ಟು ಬಾಗಿದಂತೆ ಕಾಣುತ್ತದೆ. ಬುಡದ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ತಲೆಯೆತ್ತಿ ನೋಡಬೇಕು. ಆಗ ಕತ್ತು ತನ್ನ ಅಳತೆಗೆ ಬರುತ್ತದೆ, ಅವಳು ಯಾರನ್ನೋ ಕೂಗಿ ಕರೆಯಲು ಹೊರಳಿದಂತೆ ಇರುತ್ತದೆ.